ಒರೆಯೊಳಗೆ ಹೋದ ಚಾಕು

ಹೆಂಡತಿ ಬೆರಳು ಕುಯ್ದುಕೊಂಡಿದ್ದು ಅಡುಗೆಮನೆಯಲ್ಲಾಗಿದ್ದರೆ ಯಜಮಾನರು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಕೆ ಕುಯ್ದುಕೊಂಡಿದ್ದು ಕೈಚೀಲದಲ್ಲಿ ಬಾಚಣಿಗೆ ಹುಡುಕುವಾಗ! ಸೋಮವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಕೆಗೆ ಅಡುಗೆ ಕೆಲಸದ ಪರೀಕ್ಷೆ. ಅವರವರ ಚಾಕು ಅವರವರೇ ತರಬೇಕೆಂಬ ಕಟ್ಟಪ್ಪಣೆ. ಆ ಕೆಲಸದ ಮೇಲೆ ಆಕೆಗೆ ಎಷ್ಟು ಆಸೆಯೆಂದರೆ, ಮಸೆದ ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿ ಶನಿವಾರವೇ ಚೀಲಕ್ಕೆ ಹಾಕಿಟ್ಟಿದ್ದಳು.

“ನಾನಿರುವಾಗ ಕರವಸ್ತ್ರ ಯಾಕೆ? ಚರ್ಮದ ಒರೆ ಮಾಡಿಕೊಡ್ತೀನಿ,” ಎಂದರು ಯಜಮಾನರು. (ಜೀವಮಾನದಲ್ಲಿ ಅಂಗಿಗೊಂದು ಗುಂಡಿ ಹೊಲಿದುಕೊಂಡವರಲ್ಲ.)

ಚಪ್ಪಲಿ ಹೊಲಿಯುವವನ ಹತ್ತಿರ ಚರ್ಮ, ದಬ್ಬಳ, ದಾರ ತಂದರು. ಭಾನುವಾರ ಊಟದ ಮೇಜೇ ಕಾರ್ಯಾಗಾರವಾಯಿತು. ಫೋನಿನಲ್ಲಿ ವೀಡಿಯೊ ಅರ್ಧ ನೋಡಿದರು. ಉಳಿದರ್ಧ ತಾನಾಗಿ ಹೊಳೆಯುತ್ತದೆ ಎಂದುಕೊಂಡರು. ಆ ದಪ್ಪ ಚರ್ಮ ಕತ್ತರಿಸುವಷ್ಟರಲ್ಲಿ ಮನೆಯ ಬೇರೆ ಚಾಕು, ಕತ್ತರಿಗಳೆಲ್ಲ ಮೊಂಡಾದವು. ಆದರೆ ಹೊಲಿಗೆ! ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ದಾರವನ್ನು ಎರಡೂ ಕಡೆಯಿಂದ ಪೋಣಿಸಿ ಜಗ್ಗಿದಾಗ ಮೊದಲ ಹೊಲಿಗೆ ಚರ್ಮವನ್ನು ಕಚ್ಚಿ ಕೂತಿತು. ಯಜಮಾನರಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಕಿಟಕಿಯ ಹಿಂದೆ ಕೂತು ಟಿಕೆಟ್ ಹರಿದು ಕೊಟ್ಟ ಕೈ ಇದೇನಾ ಎಂದು ಅಂಗೈ ತಿರುಗಿಸಿ ನೋಡಿಕೊಂಡರು. ಹಂಗಿಸಲೆಂದೇ ಬಂದ ಹೆಂಡತಿ ಹೊಲಿಗೆಯ ಸಾಲಿನ ಮೇಲೆ ಕೈಯಾಡಿಸಿ, ನಿಮ್ಮಲ್ಲಿ ಇಂಥದೊಂದು ವಿದ್ಯೆ ಇತ್ತಾ ಎಂದು ಮೂಗಿನ ಮೇಲೆ ಬೆರಳಿಟ್ಟಳು. ಆ ಮಾತಿಗೆ ಅವರು ಊಟವನ್ನೇ ಮರೆತರು.

ಕೊನೆಗೆ ಒರೆಯನ್ನು ನೀರಲ್ಲಿ ನೆನೆಸಿ, ಚಾಕುವನ್ನು ಅರ್ಧ ಹಿಡಿಕೆಯವರೆಗೂ ತೂರಿಸಿ, ಆಕಾರ ಬರಲೆಂದು ಒತ್ತಿ ಒತ್ತಿ ಬಿಸಿಲಿಗಿಟ್ಟರು. (ಒದ್ದೆಯಿರುವಾಗಲೇ ಚಾಕು ಹೊರತೆಗೆಯಬೇಕೆಂಬ ಮಾತು ವೀಡಿಯೊದ ಉಳಿದರ್ಧದಲ್ಲಿತ್ತು.)

ಸೋಮವಾರ ಬೆಳಗ್ಗೆ ಚರ್ಮ ಬಿಗಿದು ಮರದ ಹಾಗಾಗಿತ್ತು. ಚಾಕು ಮಿಸುಕಲಿಲ್ಲ. ಆಕೆ ಹಿಡಿಕೆ ಎಳೆದಳು, ಅವರು ಒರೆ ಎಳೆದರು. ಗೋಡೆಗೆ ಕಾಲು ಕೊಟ್ಟೂ ಆಯಿತು.

“ಒಂದು ಹೊಲಿಗೆಯಾದ್ರೂ ಬಿಟ್ಟಿದೆಯಾ ನೋಡು,” ಎಂದರು ಯಜಮಾನರು, ಬೆರಗು ತಡೆಯಲಾರದೆ.

“ಕೊಯ್ದು ತೆಗೀರಿ.”

“ಯಾವುದ್ರಲ್ಲಿ?”

ಆಕೆ ಒರೆಸಮೇತ ಚಾಕುವನ್ನು ಚೀಲಕ್ಕೆ ತುರುಕಿ ಬಸ್ಸಿಗೆ ಓಡಿದಳು. ಹೆಂಡತಿಯ ಕೆಲಸಕ್ಕೆ ತಾವೇ ಕಲ್ಲು ಹಾಕಿದೆವಲ್ಲ ಎಂದು ಯಜಮಾನರು ದಿನವಿಡೀ ಪೇಚಾಡಿಕೊಂಡರು.

ಸಂಜೆ ಆಕೆ ನಗುತ್ತಲೇ ಬಂದಳು. ಕೆಲಸ ಸಿಕ್ಕಿತ್ತು! ಕ್ಯಾಂಟೀನಿನವರೇ ಒಂದು ಚಾಕು ಕೊಟ್ಟರಂತೆ. ಅಲ್ಲಿನ ಹಿರಿಯ ಅಡುಗೆಯವರು ಒರೆ ನೋಡಿ ದಂಗಾದರಂತೆ, ಕೈಯಿಂದ ಕೈಗೆ ದಾಟಿಸಿದರಂತೆ, ಎಲ್ಲರೂ ಜಗ್ಗಿ ಜಗ್ಗಿ ಸೋತರಂತೆ. ಇದನ್ನು ಹೊಲಿದ ಮಹಾನುಭಾವರನ್ನು ನಾಳೆಯೇ ಕರೆದುಕೊಂಡು ಬನ್ನಿ ಎಂದರಂತೆ.

ಯಜಮಾನರು ಎದ್ದು ನಿಂತು ಕಾಲರ್ ಸರಿಮಾಡಿಕೊಂಡರು. “ಎಷ್ಟು ಒರೆ ಬೇಕಂತೆ?”

“ಒರೆ ಅಲ್ಲ ರೀ, ಉಗ್ರಾಣದ ಸಕ್ಕರೆ ಚೀಲಗಳ ಬಾಯಿ ಹೊಲಿಯೋದಕ್ಕೆ. ಕಳ್ಳತನ ಜಾಸ್ತಿಯಾಗಿದೆಯಂತೆ. ನೀವು ಹೊಲಿದ್ರೆ ಒಳಗಿದ್ದದ್ದನ್ನ ಯಾವ ಕಳ್ಳನೂ ಹೊರಗೆ ತೆಗೆಯೋಕಾಗಲ್ಲ ಅಂದ್ರು.”