ಎರಡು ಇಂಚು ಮೇಲಕ್ಕೆ

ಹುಡುಗಿಯೊಬ್ಬಳು ನೆಲದಿಂದ ಎರಡು ಇಂಚು ಹೆಚ್ಚು ಮೇಲೇಳಲು ಹೊರಟರೆ ಸಾಕು, ಅವಳ ಕಾಲೆಳೆಯಲು ಊರೇ ಬಿಡುವು ಮಾಡಿಕೊಂಡು ಬರುತ್ತದೆ. ನಾಸಿಕ್, ಮಸ್ಕತ್, ನೈರೋಬಿ ಎಂದು ಅಲೆದು ವಾಲಿಬಾಲ್ ಕಲಿಸಿದ ನನಗೆ ಇದು ಹೊಸತಲ್ಲ. ಸಿಟ್ಟು ಮಾತ್ರ ಪ್ರತಿ ಸಲ ಹೊಚ್ಚಹೊಸತು.

ಈ ಸಲ ಬೈಂದೂರು ಹತ್ತಿರದ ಒಂದು ಹೈಸ್ಕೂಲು. ಮೀನು ಮಾರುವವಳ ಮಗಳು, ಹತ್ತನೇ ತರಗತಿ. ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಪಿಯುಸಿ. ಇಲ್ಲದಿದ್ದರೆ ಗೇರುಬೀಜದ ಕಾರ್ಖಾನೆ. ಹೊಡೆತ ಜೋರು, ನೆಗೆತ ಮಾತ್ರ ಎರಡು ಇಂಚು ಕಡಿಮೆ. ಕೈಯಲ್ಲಿದ್ದದ್ದು ಮೂರು ತಿಂಗಳು.

ಬಸ್ಕಿ

ನೆಗೆತಕ್ಕೆ ಮೊದಲ ಮದ್ದು ಬಸ್ಕಿ. ನಿಧಾನ ಕೂತು, ಸಿಡಿದೇಳಬೇಕು. ಜಗಲಿಯಲ್ಲಿ ಮಾಡಿಸುತ್ತಿದ್ದಾಗ ಶಾಲಾ ಸಮಿತಿಯ ಹಿರಿಯರೊಬ್ಬರು ಧಾವಿಸಿದರು.

“ಎಂತ ಮೇಡಂ, ಮಕ್ಕಳಿಗೆ ಈಗ ಶಿಕ್ಷೆ ಕೊಡುಕಿಲ್ಲೆ. ಕಾನೂನ್ ಇತ್ತ್!”

“ಶಿಕ್ಷೆ ಅಲ್ಲ, ವ್ಯಾಯಾಮ,” ಎಂದು ತೊಡೆಯ ಸ್ನಾಯುಗಳ ಬಗ್ಗೆ ಹತ್ತು ನಿಮಿಷ ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

“ಅದೆಲ್ಲ ಸಮ. ಅವ್ಳ್ ಮಾಡದ್ ತಪ್ಪ್ ಎಂತದ್?”

ಕ್ರೇಟು

ಮುಂದಿನದು ಪೆಟ್ಟಿಗೆಯ ಮೇಲೆ ನೆಗೆಯುವುದು. ಪೆಟ್ಟಿಗೆಗೆ ಶಾಲೆಯಲ್ಲಿ ಅನುದಾನವಿಲ್ಲ. ಹುಡುಗಿಯ ತಾಯಿಯೇ ಮೀನಿನ ಕ್ರೇಟು ತೊಳೆದು ತಂದಳು. ಶಾಲೆಯ ಅಂಗಳದಲ್ಲಿ ನಾಲ್ಕು ಸಲ ನೆಗೆದಿರಲಿಲ್ಲ, ಶಾಲೆಯ ಪಕ್ಕದ ಮನೆಯಾಕೆ ಬಂದಳು.

“ಹೆಣ್ ಮಕ್ಕಳ್ ಹೀಂಗ್ ಹಾರ್ರೆ ಗರ್ಭಕೋಶ ಜಾರ್ತ್!”

ನನ್ನ ನೆತ್ತಿ ಕಾಯಿತು. “ಸೊಪ್ಪಿನ ಹೊರೆ ಹೊತ್ತು ನೀರಿನ ತೋಡು ಹಾರಿ ಬಂದಿರಲ್ಲ ಅಕ್ಕ, ಈಗಷ್ಟೇ?”

“ಅದ್ ಕೆಲ್ಸ ಅಲ್ದಾ? ಕೆಲ್ಸ ಮಾಡ್ರೆ ಎಂತದೂ ಜಾರುದಿಲ್ಲೆ.”

ಅರ್ಜಿ

ಹೆಡ್‌ಮಾಸ್ಟರು ದಿನವೂ ಕಿಟಕಿಯಿಂದ ನೋಡುತ್ತಿದ್ದರು. ಸಹಾಯ ಮಾಡುತ್ತಾರೆಂದು ನಾನು ನಂಬಿದ್ದೆ. ನಂಬಿದ್ದು ನನ್ನ ತಪ್ಪು.

“ಇಷ್ಟು ಕಷ್ಟ ಯಾಕೆ ಮೇಡಂ? ನೆಟ್ಟನ್ನೇ ಎರಡು ಇಂಚು ಇಳಿಸಿದರೆ ಆಯ್ತಲ್ಲ.”

“ನಮ್ಮ ನೆಟ್ಟು ಇಳಿಸಬಹುದು ಸರ್. ಜಿಲ್ಲೆಯ ನೆಟ್ಟು?”

“ಅರ್ಜಿ ಬರೆಯಿರಿ. ಸಹಿ ನಾನು ಹಾಕುತ್ತೇನೆ.”

ಹಲಗೆ

ಆಯ್ಕೆ ಬ್ರಹ್ಮಾವರದಲ್ಲಿ. ಹುಡುಗಿಯ ತಾಯಿಯೂ ಜೊತೆಗೆ ಬಂದಿದ್ದಳು. ಗೋಡೆಗೆ ಅಳತೆಯ ಹಲಗೆ ತೂಗುಹಾಕಿದ್ದರು. ಬೆರಳಿಗೆ ಸುಣ್ಣದ ಪುಡಿ ಹಚ್ಚಿ, ನೆಗೆದು, ಹಲಗೆ ಮುಟ್ಟಬೇಕು. ನಮ್ಮ ಹುಡುಗಿ ನೆಗೆದಳು. ಹಲಗೆ ದಾಟಿ ಗೋಡೆಯ ಮೇಲೆ ಮೂರು ಬಿಳಿ ಬೆರಳು ಮೂಡಿದವು.

ಆಯ್ಕೆದಾರರು ಕಾಗದ ನೋಡಿದರು. “ಹಲಗೆಯ ಮೇಲೆ ಗುರುತಿಲ್ಲ. ಸೊನ್ನೆ.”

“ಕಣ್ಣೆದುರೇ ದಾಟಿದ್ದಾಳಲ್ರೀ!”

“ಗೋಡೆಗೆ ಅಂಕವಿಲ್ಲ ಮೇಡಂ. ಇನ್ನೊಂದು ಅವಕಾಶ ಇದೆ, ಸ್ವಲ್ಪ ಕಡಿಮೆ ಹಾರಲು ಹೇಳಿ.”

ಹುಡುಗಿ ಅಳುಮೋರೆಯಲ್ಲಿ ನನ್ನತ್ತ ತಿರುಗಿದಳು. “ಎಷ್ಟ್ ಕಡ್ಮಿ ಹಾರುದ್, ಮೇಡಂ?”

ಮೂರು ದೇಶಗಳ ಬೈಗುಳ ಒಟ್ಟಿಗೇ ನನ್ನ ನಾಲಿಗೆಗೆ ಬಂತು. ಯಾವುದನ್ನು ಮೊದಲು ಬಿಡುವುದೆಂದು ಆರಿಸುವಷ್ಟರಲ್ಲಿ ಅವಳ ತಾಯಿ ಸೆರಗು ಸಿಕ್ಕಿಸಿ ಮುಂದೆ ಬಂದಿದ್ದಳು.

“ಹ್ವಾಯ್! ಹಲ್ಗಿ ಗಿಡ್ಡ ಆದ್ರೆ ಹಲ್ಗಿ ಎತ್ತಿ. ನನ್ ಮಗ್ಳನ್ನ ಎಂತಕ್ಕೆ ಇಳ್ಸುದ್?”

ಸಾಲಿನಲ್ಲಿದ್ದ ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು. ಆಯ್ಕೆದಾರರಿಬ್ಬರು ಹಲಗೆ ಕಳಚಿ, ಒಂದು ಗೇಣು ಮೇಲೆ ಗೋಡೆಗೊತ್ತಿ ಹಿಡಿದು, ತುದಿಗಾಲಲ್ಲಿ ನಿಂತರು. ಹುಡುಗಿ ಮತ್ತೆ ನೆಗೆದಳು. ಗುರುತು ಹಲಗೆಯ ನಟ್ಟನಡುವೆ, ಹೆಸರು ಪಟ್ಟಿಯಲ್ಲಿ.

ಬೆವರು ಸುರಿಸುತ್ತ ಅವರು ಕೈ ಇಳಿಸಲು ಹೊರಟರು. ತಾಯಿ ಬಿಡಲಿಲ್ಲ.

“ಹಾಂಗೇ ಹಿಡ್ಕಣಿ ಮಾರಾಯ್ರೆ. ಸಾಲಲ್ಲಿ ಇನ್ನೂ ಹದ್ನೆಂಟ್ ಹೆಣ್ ಮಕ್ಕಳ್ ಇದ್ದೊ.”