ಹುರಿ ಕೊಡಿ, ಅತ್ತೆ

ಮಾರಾಟದ ಮಾಲೆಂದು ನೋಡಿದರೆ ಅತ್ತೆ ಹಳೇ ಮಾಡೆಲ್ಲು: ಸದ್ದು ಜಾಸ್ತಿ, ರಿಪೇರಿಗೆ ಬಂದದ್ದಿಲ್ಲ, ಕೊಟ್ಟವರು ವಾಪಸು ತೆಗೆದುಕೊಳ್ಳುವುದಿಲ್ಲ. ಹುಲ್ಲು ಕತ್ತರಿಸುವ ಮಿಷನ್ನುಗಳ ಅಂಗಡಿಯಿಟ್ಟ ಅಳಿಯ ಮನಸ್ಸಿನಲ್ಲೇ ಹೀಗೆ ಬೆಲೆ ಕಟ್ಟಿ, ಅಂಗಡಿಯ ಹಿಂದಿನ ಇಳಿಜಾರಿನ ತುದಿಯಲ್ಲಿ ನಿಂತು ಮತ್ತೊಮ್ಮೆ ಕೇಳಿದ.

ಅಳಿಯ: ಹುರಿ ಎಲ್ಲಿಟ್ರಿ, ಅತ್ತೆ?

ಅತ್ತೆ: ಯಾವ ಹುರಿ?

ಅಳಿಯ: ಈ ಮಿಷನ್ನಿನ ಹಿಡಿಗೆ ಸುತ್ತಿದ್ದೆನಲ್ಲ, ಅದು.

ಅತ್ತೆ: ಓ, ಅದಾ! ಹಿಡಿಗೆ ಒತ್ತಿ ಹಿಡಿಯೋ ಕಂಬಿ ಬಿಟ್ಟ ತಕ್ಷಣ ಬ್ಲೇಡು ನಿಲ್ಲಲಿ ಅಂತ ಕಂಪನಿಯೋರು ತಲೆ ಕೆಡಿಸ್ಕೊಂಡು ಮಾಡಿದ್ದನ್ನ, ಬಿಟ್ಟರೂ ನಿಲ್ಲದ ಹಾಗೆ ನೀವು ಬಿಗಿದಿಟ್ಟಿದ್ರಲ್ಲ, ಆ ಹುರಿ ತಾನೆ? ಬೀನ್ಸ್ ಬಳ್ಳಿಗೆ ಕಟ್ಟಿದೆ.

ಅಳಿಯ: ಆ ಕಂಬಿ ಒತ್ತಿ ಹಿಡಿದೂ ಹಿಡಿದೂ ಕೈ ಮರಗಟ್ಟುತ್ತೆ, ಅತ್ತೆ.

ಅತ್ತೆ: ಮರಗಟ್ಟಲಿ ಬಿಡಿ. ಇದ್ದ ಕೈ ತಾನೇ ಮರಗಟ್ಟೋದು.

ಅಳಿಯ: ಇನ್ನೇನು ಗಿರಾಕಿ ಬರ್ತಾರೆ. ಗುಡ್ಡದ ಮೇಲಿನ ಲಾಡ್ಜ್ ಯಜಮಾನ್ರು. ಅವರ ತೋಟ ಪೂರ್ತಿ ಇಳಿಜಾರು. ಒಪ್ಪಿದ್ರೆ ನಾಲ್ಕು ಮಿಷನ್ನು ಹೋಗುತ್ತೆ. ಇಲ್ದಿದ್ರೆ ಈ ತಿಂಗಳೂ ಅಂಗಡೀಲಿ ಕೂತು ನೊಣ ಹೊಡೀಬೇಕು.

ಅತ್ತೆ: ಅದಕ್ಕೇ ಚಪ್ಪಲಿ ಹಾಕ್ಕೊಂಡು ಬಂದಿದೀರಾ? ‘ಬೂಟು ಹಾಕಿ, ಹುಲ್ಲು ಒದ್ದೆಯಿದ್ರೆ ಮುಟ್ಟಬೇಡಿ, ಇಳಿಜಾರಲ್ಲಿ ಅಡ್ಡಡ್ಡ ತಳ್ಳಿ’ ಅಂತ ಬಂದವರಿಗೆಲ್ಲ ಪಾಠ ಒಪ್ಪಿಸ್ತೀರಲ್ಲ!

ಅಳಿಯ: ಅದು ಗಿರಾಕಿಗಳಿಗೆ.

ಅತ್ತೆ: ಸರಿ ಸರಿ. ಅವರದ್ದು ನಡೆಯೋ ಕಾಲು, ನಿಮ್ಮದು ಷೋಕೇಸಿಗೆ ಇಟ್ಟಿದ್ದು.

ಅಳಿಯ: ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆದ್ರೆ ನೋಡೋಕೆ ಚೆನ್ನ. ಅಡ್ಡಡ್ಡ ಹೋದ್ರೆ ಎಮ್ಮೆ ಮೇದ ಹಾಗೆ ಕಾಣುತ್ತೆ.

ಅತ್ತೆ: ಬಿದ್ರೆ ಹೇಗೆ ಕಾಣುತ್ತೆ ಅಂತಾನೂ ಒಂದಿಷ್ಟು ಯೋಚಿಸಿ.

ಅಳಿಯ: ನನ್ನ ಕಸುಬು ನನಗೆ ಗೊತ್ತು!

ಅತ್ತೆ: ನಿಮ್ಮ ಕಸುಬು ಮಾರೋದು, ಅಳಿಯಂದ್ರೆ. ತಳ್ಳೋದು ಬೇರೆಯವರದ್ದು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಲಾಡ್ಜ್ ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಬಂದು ಮಿಷನ್ನನ್ನೂ ಮನುಷ್ಯನನ್ನೂ ಒಂದೇ ಅನುಮಾನದಿಂದ ನೋಡಿದರು. ಅಳಿಯನ ಮುಖದಲ್ಲಿ ಅಂಗಡಿಯ ನಗು ಹತ್ತಿಕೊಂಡಿತು.

ಗಿರಾಕಿ: ಇವರು?

ಅಳಿಯ: ನಮ್ಮತ್ತೆ. ಸುಮ್ನೆ ನೋಡೋಕೆ ನಿಂತಿದಾರೆ.

ಅತ್ತೆ: ಹೌದು ಸ್ವಾಮಿ. ಕೊನೇಲಿ ಎತ್ತಿಕೊಂಡು ಹೋಗೋಕೆ ಮನೆಯವರು ಒಬ್ಬರಾದ್ರೂ ಬೇಕಲ್ಲ.

ಅಳಿಯ ಹಲ್ಲು ಕಚ್ಚಿ ಮಿಷನ್ ಶುರು ಮಾಡಿದ. ಬೇರೆ ಹುರಿ ಹುಡುಕಲು ಹೊತ್ತಿರಲಿಲ್ಲ, ಕಂಬಿಯನ್ನು ಕೈಯಲ್ಲೇ ಒತ್ತಿ ಹಿಡಿದು ನೆಟ್ಟಗೆ ಕೆಳಕ್ಕೆ ಇಳಿಯತೊಡಗಿದ. ಗೆರೆ ಚೆನ್ನಾಗಿಯೇ ಬರುತ್ತಿತ್ತು. ಅರ್ಧ ದಾರಿಯಲ್ಲಿ ಒದ್ದೆ ಹುಲ್ಲು ಚಪ್ಪಲಿಯ ಮಾತು ಕೇಳಲಿಲ್ಲ. ಅಳಿಯ ಅಂಗಾತ ಬಿದ್ದ, ಹಿಡಿಯೂ ಕಂಬಿಯೂ ಕೈತಪ್ಪಿದವು. ಮಿಷನ್ ನಾಲ್ಕು ಮಾರು ಮುಂದೋಡಿ ಒಂದು ಕಲ್ಲಿಗೆ ತಗುಲಿ ನಿಂತಿತು. ಅದರ ಹಿಂದೆಯೇ ಅಳಿಯ ಜಾರುತ್ತ ಹೋದ. ಎಡಗಾಲು ಚಪ್ಪಲಿಯ ಸಮೇತ ಸೀದಾ ಮಿಷನ್ನಿನ ಅಡಿಗೆ ನುಗ್ಗಿತು.

ಸದ್ದೇ ಇಲ್ಲ. ಬ್ಲೇಡು ಆಗಲೇ ನಿಂತಿತ್ತು.

ಗಿರಾಕಿ: ಅರೆ, ಕೈ ಬಿಟ್ಟ ಕೂಡ್ಲೇ ನಿಂತೇಹೋಯ್ತಲ್ಲ! ಇದನ್ನ ತೋರಿಸೋಕೆ ಅಂತಲೇ ಬಿದ್ರಾ?

ಅಳಿಯ (ಮಲಗಿದ್ದಲ್ಲಿಂದಲೇ): ಹೂಂ... ಹೂಂ.

ಅತ್ತೆ: ಬೆಳಗ್ಗೆಯಿಂದ ಇದಕ್ಕೇ ತಯಾರಿ, ಸ್ವಾಮಿ. ಹೇಳಿದ್ರೂ ಚಪ್ಪಲಿ ಬಿಚ್ಚಲಿಲ್ಲ.

ಗಿರಾಕಿ: ಬೇರೆ ಅಂಗಡಿಯೋರೆಲ್ಲ ಬಾಯಲ್ಲೇ ಹೇಳಿ ಕಳಿಸಿದ್ರು. ಬಿದ್ದು ತೋರಿಸಿದೋರು ನೀವೊಬ್ಬರೇ. ನಮ್ಮ ಮಾಲಿ ಆಗಾಗ ಜಾರ್ತಾನೇ ಇರ್ತಾನೆ, ಪಾಪ. ನಾಲ್ಕೂ ಕಳಿಸಿಬಿಡಿ! ಆದ್ರೆ ಒಂದು ಮಾತು. ನಮ್ಮನೆಯವರು ಕಾರಲ್ಲೇ ಕೂತಿದಾರೆ, ಕರ್ಕೊಂಡು ಬರ್ತೀನಿ. ಇನ್ನೊಂದ್ಸಲ ಬೀಳ್ತೀರಾ?

ಉತ್ತರಕ್ಕೂ ಕಾಯದೆ ಅವರು ಗೇಟಿನತ್ತ ಓಡಿದರು. ಅಳಿಯ ಮೆಲ್ಲಗೆ ಕಾಲು ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

ಅತ್ತೆ: ಹುರಿ ಬಿಚ್ಚಿ ತರಲಾ?

ಅಳಿಯ: ಬೇಡ ಅತ್ತೆ. ಬಳ್ಳಿಗೇ ಇರಲಿ.

ಅತ್ತೆ: ಹಾಗಾದ್ರೆ ಏಳಿ, ಮೇಲೆ ಹತ್ತಿ. ಆಯಮ್ಮ ಬಂದ್ರು, ಎರಡನೇ ಆಟಕ್ಕೆ ಹೊತ್ತಾಯ್ತು.

ಎಡಗಾಲಿನ ಅಷ್ಟೂ ಬೆರಳುಗಳಿಗಾಗಿ ಅಳಿಯ ಅತ್ತೆಗೆ ಋಣಿ.