ಉಪದೇಶಿ ತೋಟಪ್ಪನ ಹೀಬ್ರೂ

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಹೊನ್ನಕ್ಕನ ವಠಾರದಲ್ಲಿ ಮನೆಗೂ ಮನೆಗೂ ನಡುವಿನ ಗೋಡೆಗಳು ಹಂಚಿನವರೆಗೆ ಏರದೆ ಒಂದು ಮೊಳ ಕೆಳಗೇ ನಿಂತುಬಿಟ್ಟಿದ್ದವು. ಕಟ್ಟಿಸುವಾಗ ಇಟ್ಟಿಗೆ ಸಾಲಲಿಲ್ಲ ಎಂದು ಹೊನ್ನಕ್ಕ ಹೇಳುತ್ತಿದ್ದಳು. ನಮ್ಮ ಮಾತು ಕೇಳಿಸಿಕೊಳ್ಳಲೆಂದೇ ಬಿಡಿಸಿದ್ದು ಎಂದು ಬಾಡಿಗೆಯವರು ಹೇಳುತ್ತಿದ್ದರು. ಅದೇನೇ ಇರಲಿ, ಉಪದೇಶಿ ತೋಟಪ್ಪ ಆ ಅಮಾವಾಸ್ಯೆಯ ದಿನ ಪಟ್ಟ ಪಾಡಿಗೆಲ್ಲ ಕಾರಣ ಆ ಸಂದು.

ತೋಟಪ್ಪನ ಅಪ್ಪನ ಕಾಲಕ್ಕೆ ಮನೆಯವರು ಕ್ರೈಸ್ತರಾಗಿದ್ದರು, ಹೆಸರುಗಳು ಮಾತ್ರ ಹಳೆಯವೇ ಉಳಿದಿದ್ದವು. ಅವನು ಹರಿಹರದ ಒಂದು ಸಣ್ಣ ಸಭೆಗೆ, ಎಂದರೆ ಚರ್ಚಿಗೆ, ಉಪದೇಶಿ. ಮಕ್ಕಳಿಗೆ ಬೈಬಲ್ ಪಾಠ ಹೇಳುವುದು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು, ಯಾರೂ ಬರದ ದಿನ ತಾನೇ ಕಸ ಗುಡಿಸಿ ತಾನೇ ಕೂತು ಹಾಡುವುದು, ಇಷ್ಟು ಅವನ ಕೆಲಸ. ಆದರೆ ಅವನು ಹಂಗಾಮಿ. ಆ ಹಂಗಾಮಿ ಎಂಬ ಮಾತು ಅವನಿಗೆ ಮನೆತನದ ಹೆಸರಿನಂತೆ ಅಂಟಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಹೆಂಡತಿ ರೂತವ್ವ, "ಕಾಯಂ ಆದ ಮ್ಯಾಲೆ ಕರಿಯಾಕೆ ಬರ್ರಿ" ಎಂದು ಹೇಳಿ ರಾಣೆಬೆನ್ನೂರಿನ ತವರಿಗೆ ಹೋಗಿ ಕೂತಿದ್ದಳು. ಅವಳು ಬರಲಿ ಎಂದು ಅವನು ದಿನಾ ಪ್ರಾರ್ಥಿಸುತ್ತಿದ್ದ. ಊರವರಿಗೆಲ್ಲ ಫಲಿಸುತ್ತಿದ್ದ ಅವನ ಪ್ರಾರ್ಥನೆ ಅವನ ಮನೆಯ ಹೊಸಿಲು ಮಾತ್ರ ದಾಟುತ್ತಿರಲಿಲ್ಲ.

ಕೊನೆಗೂ ಸಭೆಯ ಹಿರಿಯರಾದ ಯಾಕೋಬಪ್ಪನವರು, "ಅಮಾವಾಸ್ಯೆ ದಿನ ಸಂಜೆ ನೀವು ಪ್ರಾರ್ಥನೆ ಬಗ್ಗೆ ಮಾತಾಡ್ರಿ. ಜನ ಒಪ್ಪಿದ್ರೆ ಅವತ್ತೇ ನಿಮ್ಮನ್ನ ಕಾಯಂ ಮಾಡಿಬಿಡಾಣ" ಎಂದಿದ್ದರು. ತೋಟಪ್ಪ ಹಿಂದೆ ಬೆಂಗಳೂರಿನಲ್ಲಿ ಸ್ವಲ್ಪ ದಿನ ತರಬೇತಿಗೆ ಹೋಗಿದ್ದಾಗ ಒಬ್ಬ ಮುದುಕ ಗುರುಗಳು ಹೀಬ್ರೂ ಕಲಿಸಿದ್ದರು. ಕಲಿತದ್ದರಲ್ಲಿ ಮುಕ್ಕಾಲು ಪಾಲು ರೈಲು ಇಳಿಯುವಷ್ಟರಲ್ಲಿ ಮರೆತಿತ್ತು. ಪ್ರಾರ್ಥನೆಗೆ ಸಂಬಂಧಪಟ್ಟ ಕೆಲವು ಪದಗಳು ಮಾತ್ರ ನೆನಪಿದ್ದವು. ಅವುಗಳ ಅರ್ಥ ಬಿಡಿಸಿ ಹೇಳಿದರೆ ಹರಿಹರವೇ ಬೆರಗಾಗುತ್ತದೆ ಎಂದು ಅವನ ಲೆಕ್ಕ.

ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಎದ್ದು ತನ್ನ ಒಂದೇ ಒಂದು ಕೋಟು ತೊಟ್ಟು, ಖಾಲಿ ಮನೆಯಲ್ಲಿ ಜೋರಾಗಿ ಅಭ್ಯಾಸಕ್ಕೆ ನಿಂತ.

"ಹಾಲಲ್" ಎಂದ. ದನಿ ಏಳಲಿಲ್ಲ ಅನ್ನಿಸಿ ಎರಡನೆಯ ಅಕ್ಷರ ಎಳೆದ. "ಹಲಾಲ್, ಹಲಾಲ್. ಇವತ್ತು ನಾವೆಲ್ಲ ಕೂಡಿ ಹಲಾಲ್ ಮಾಡೋಣ" ಎಂದು ಎರಡು ಕೈ ಎತ್ತಿ ಕೂಗಿದ.

ಗೋಡೆಯಾಚೆ ಹೊನ್ನಕ್ಕ ಪೂಜೆಗೆ ಕೂತಿದ್ದಳು. ಕೊರಳಲ್ಲಿ ಲಿಂಗ, ಮನೆಯಲ್ಲಿ ಈರುಳ್ಳಿಯನ್ನೂ ಸೋಮವಾರ ಒಳಗೆ ಬಿಡದ ಹೆಂಗಸು. ಬಾಡಿಗೆಗೆ ಕೊಡುವಾಗ ಅವಳು ಹಾಕಿದ್ದ ಷರತ್ತು ಒಂದೇ, ವಠಾರದಲ್ಲಿ ಮಾಂಸ ಬೇಯಬಾರದು. ಆಕೆ ಗಂಟೆ ಕೆಳಗಿಟ್ಟು ನೇರ ಎದುರುಮನೆಯ ಜಮಾಲ್ ಸಾಬನ ಬಾಗಿಲಿಗೆ ಹೋದಳು. ಜಮಾಲ್ ಸಾಬ ಮೆಟಡಾರ್ ವ್ಯಾನು ಓಡಿಸುವವನು. ಅವನೂ ಆ ಷರತ್ತಿಗೆ ಒಪ್ಪಿ, ಹಬ್ಬದ ಅಡುಗೆಯನ್ನೆಲ್ಲ ಅತ್ತೆಮನೆಯಲ್ಲಿ ಮುಗಿಸಿಕೊಂಡು ಬರುತ್ತಿದ್ದ.

"ಏನ್ ಸಾಬ್ರೆ, ಉಪದೇಶಪ್ಪ ನಿಮಗೇನಾರ ಕುರಿ ಗಿರಿ ಹೇಳ್ಯಾನೇನು? ಮನ್ಯಾಗ ಹಲಾಲ್ ಅಂತಾನೆ ಒಂದೇ ಸಮ."

"ನಂಗೇನೂ ಹೇಳಿಲ್ಲಕ್ಕ" ಎಂದ ಜಮಾಲ್ ಸಾಬ. ಅವನ ಹೆಂಡತಿ ಖೈರುನ್ನೀಸಾ ಒಳಗಿಂದಲೇ, "ಕುರಿ ಕೊಯ್ಯಾದಾದ್ರೆ ಕೋಟು ಹಾಕ್ಕೊಂಡು ಯಾರು ಕೊಯ್ತಾರ್ರಿ? ಹೋಗಿ ನೋಡ್ರಿ" ಎಂದಳು.

ಇಬ್ಬರೂ ಬಂದು ಬಾಗಿಲು ತಳ್ಳುವಾಗ ತೋಟಪ್ಪ ಎರಡನೆಯ ಪದಕ್ಕೆ ಬಂದಿದ್ದ. ಅದು ಶಾಹಾ, ಎಂದರೆ ಮುಖ ನೆಲಕ್ಕೆ ಮುಟ್ಟುವಂತೆ ಅಡ್ಡಬೀಳುವುದು. ಜನರಿಗೆ ಮಾಡಿಯೇ ತೋರಿಸಬೇಕೆಂದು ಅವನು ಕೋಟಿನ ಸಮೇತ ನೆಲದ ಮೇಲೆ, ಒಣಗಲು ಹಾಕಿದ ಹಪ್ಪಳದ ಹಾಗೆ, ಬೋರಲು ಬಿದ್ದಿದ್ದ.

"ಅಯ್ಯ ಶಿವನೆ" ಎಂದು ಹೊನ್ನಕ್ಕ ಹೊಸಿಲಲ್ಲೇ ನಿಂತಳು. "ಏನಾತು ಉಪದೇಶಪ್ಪೋರೆ?"

ತೋಟಪ್ಪ ಎದ್ದು ಧೂಳು ಕೊಡವಿಕೊಂಡ. "ಏನೂ ಇಲ್ಲ ಹೊನ್ನಕ್ಕ, ಪ್ರಾರ್ಥನೆ ಅಭ್ಯಾಸ ಮಾಡ್ತಿದ್ದೆ."

"ಮತ್ತೆ ಆ ಹಲಾಲು?"

"ಅದು ನೀವು ತಿಳ್ಕೊಂಡಂಗಲ್ಲ. ನಮ್ಮ ಗ್ರಂಥದ ಹೀಬ್ರೂ ಭಾಷೇಲಿ ಹಾಲಲ್ ಅಂದ್ರೆ ದೇವರನ್ನ ಹೊಗಳೋದು. ಹಲ್ಲೆಲೂಯ ಅಂತೀವಲ್ಲ, ಅದು ಹುಟ್ಟಿದ್ದೇ ಅದರಿಂದ. ಸುಮ್ನೆ ಹೊಗಳೋದಲ್ಲ, ಮೈಮೇಲೆ ಖಬರಿಲ್ಲದಂಗೆ, ನೋಡಿದೋರು ಇವನಿಗೆ ಹುಚ್ಚು ಹಿಡದೈತೆ ಅನ್ಬೇಕು, ಹಂಗೆ."

ಹೊನ್ನಕ್ಕ ಜಮಾಲ್ ಸಾಬನ ಮುಖ ನೋಡಿದಳು.

"ನೀವು ಒಬ್ಬೊಬ್ರೆ ಮಾತಾಡ್ತೀರಲ್ಲ ದಿನಾ, ಅದು?" ಎಂದು ಜಮಾಲ್ ಸಾಬ ಮೆಲ್ಲಗೆ ಕೇಳಿದ.

"ಅದಕ್ಕೂ ಪದ ಐತೆ" ಎಂದು ತೋಟಪ್ಪ ಉತ್ಸಾಹದಿಂದ ಹೇಳಿದ. "ಸೀಯಾಹ್. ತನ್ನಷ್ಟಕ್ಕೆ ತಾನು ಗೊಣಗೋದು. ಒಳಗಿನ ಸಂಕಟಾನೆಲ್ಲ ದೇವರ ಮುಂದೆ ದೂರು ಹೇಳೋದು. ನಾನು ರಾತ್ರಿಯೆಲ್ಲ ಅದನ್ನೇ ಮಾಡ್ತೀನಿ."

ಹೊರಗೆ ಬಂದ ಮೇಲೆ ಹೊನ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೆಂಡ್ತಿ ಬಿಟ್ಟುಹೋದ ಮ್ಯಾಲೆ ಹಿಂಗಾಗೈತೆ ಪಾಪ. ಮಾಂಸಾನೆ ತಿಂದಿದ್ರೂ ಚಲೋ ಇತ್ತು. ಇವತ್ತು ಅಮಾಸಿ ಬ್ಯಾರೆ. ದೆವ್ವ ಬಿಡಿಸೋ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರಕೊಂಡು ಹೋಗಾಣ ಸಾಬ್ರೆ."

"ನಡೀರಿ ಅಕ್ಕ. ನಮ್ಮ ಮಾವನ ಮನೇರೂ ಹೋಗ್ತಾರೆ, ಅಜ್ಜಯ್ಯ ಎಲ್ರಿಗೂ ಒಬ್ರೇ" ಎಂದು ಜಮಾಲ್ ಸಾಬ ವ್ಯಾನಿನ ಕೀಲಿ ತಂದ.

ತೋಟಪ್ಪನಿಗೆ ಹೇಳಿದ್ದು ಇಷ್ಟೇ: ಹರಿಹರದ ಕಡೆ ಹೋಗುತ್ತಿದ್ದೇವೆ, ಬರುವುದಾದರೆ ಬನ್ನಿ. ಬಸ್ಸಿನ ನೂಕುನುಗ್ಗಲು ತಪ್ಪಿತೆಂದು ಅವನು ದೇವರಿಗೆ ವಂದನೆ ಹೇಳಿ ಹತ್ತಿದ. ಒಂದು ಪಕ್ಕಕ್ಕೆ ಹೊನ್ನಕ್ಕ, ಇನ್ನೊಂದು ಪಕ್ಕಕ್ಕೆ ಅವಳ ತಮ್ಮ ಬೊಮ್ಮಣ್ಣ. ಬೊಮ್ಮಣ್ಣ ಗರಡಿಯ ಆಳು. ಅವನು ಕೂತರೆ ಪಕ್ಕದವರು ಉಸಿರನ್ನು ಹಂಚಿಕೊಂಡು ಆಡಬೇಕಾಗುತ್ತಿತ್ತು.

ಹರಿಹರ ಬಂತು. ಸಭೆಯ ಓಣಿಯೂ ಬಂತು, ಹೋಯಿತು.

"ಇಲ್ಲೇ ಇಳಸ್ರಿ ಜಮಾಲಣ್ಣ."

"ಸ್ವಲ್ಪ ಮುಂದೆ ಹೋಗಿ ತಿರುಗಿಸ್ತೀನ್ರಿ."

ಊರು ದಾಟಿ ಗದ್ದೆಗಳು ಶುರುವಾದವು. ವ್ಯಾನು ತಿರುಗಲಿಲ್ಲ. ತೋಟಪ್ಪ ಎದ್ದು ನಿಲ್ಲಲು ನೋಡಿದ. ಬೊಮ್ಮಣ್ಣ ಅವನ ತೊಡೆಯ ಮೇಲೆ ಒಂದು ಕೈ ಇಟ್ಟ. ಅಷ್ಟೇ, ಎದ್ದೇಳುವ ಮಾತು ಅಲ್ಲಿಗೆ ಮುಗಿಯಿತು. ಎಲ್ಲಿಗೆ ಎಂದು ತಿಳಿದಾಗ ಅವನು ಬೇಡಿಕೊಂಡ, ಸಿಟ್ಟು ಮಾಡಿದ, ತನಗೆ ಏನೂ ಆಗಿಲ್ಲವೆಂದು ಆಣೆ ಮಾಡಿದ. ಹೊನ್ನಕ್ಕ ಅವನ ಬೆನ್ನು ಸವರುತ್ತ, "ಆತಪ್ಪ, ಆತು. ಇನ್ನೇನು ಬಂದ್ವಿ" ಎನ್ನುತ್ತಲೇ ಇದ್ದಳು.

ಉಕ್ಕಡಗಾತ್ರಿಯಲ್ಲಿ ಜನಜಾತ್ರೆ. ಪೂಜಾರಿಯವರು ಸೌಮ್ಯವಾದ ಮನುಷ್ಯ. "ಏನು ತ್ರಾಸಪ್ಪ?" ಎಂದು ಕೇಳಿದರು.

"ಸ್ವಾಮಿ, ನನಗೆ ಏನೂ ಆಗಿಲ್ಲ. ಇವರೇ ಹಿಡಕೊಂಡು ಬಂದಾರೆ."

"ಇಲ್ಲಿಗೆ ಬಂದೋರೆಲ್ಲ ಮೊದಲು ಅದನ್ನೇ ಹೇಳ್ತಾರಪ್ಪ" ಎಂದು ಅವರು ಮರುಕದಿಂದಲೇ ಅವನ ಹಣೆಗೆ ವಿಭೂತಿ ಹಚ್ಚಿದರು. "ಹೊಳ್ಯಾಗ ಮುಳುಗಿ ಬರ್ಲಿ."

ಬೊಮ್ಮಣ್ಣ ಅವನನ್ನು ತುಂಗಭದ್ರೆಗೆ ಇಳಿಸಿ, ಬಟ್ಟೆ ಅದ್ದಿದ ಹಾಗೆ ಅದ್ದಿ ಅದ್ದಿ ತೆಗೆದ. ಕೋಟು ಬಿಚ್ಚಲೂ ಬಿಡಲಿಲ್ಲ. ಹೊನ್ನಕ್ಕ ಮತ್ತೆ ಹಣೆ ತುಂಬ ವಿಭೂತಿ ಬಳಿದು, ಮಂಗಳಾರತಿ ಆಗುವವರೆಗೆ ಏಳಬಾರದೆಂದು ಮೆಟ್ಟಿಲ ಮೇಲೆ ಕೂಡಿಸಿದಳು. ತೋಟಪ್ಪ ಬಿಸಿಲಲ್ಲಿ ನಡುಗುತ್ತ ಕೂತ. ಸಂಜೆಯ ಸಭೆ, ಕಾಯಂ ಕೆಲಸ, ರೂತವ್ವ, ಎಲ್ಲವೂ ಕೋಟಿನ ಅಂಚಿನಿಂದ ಹನಿಹನಿಯಾಗಿ ಸೋರಿಹೋಗುತ್ತಿದ್ದಂತೆ ಕಂಡಿತು. ದೇವರೇ, ಇದಕ್ಕೆ ಯಾವ ಪದ ಎಂದು ಕೇಳಿದ.

ಆಗ ಪಕ್ಕದ ಮೆಟ್ಟಿಲ ಮೇಲೆ ತೆಂಗಿನಕಾಯಿ ಹಿಡಿದು, ತಲೆಗೆ ಟವೆಲ್ ಮುಸುಕು ಹಾಕಿಕೊಂಡಿದ್ದ ಒಬ್ಬರು ಅವನ ಕಡೆ ತಿರುಗಿದರು. ಅವರ ಹಣೆಯಲ್ಲೂ ವಿಭೂತಿ. ಸಭೆಯ ಹಿರಿಯರಾದ ಯಾಕೋಬಪ್ಪನವರು. ಅವರು ಟವೆಲ್ಲನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡರು.

"ಮನೆಯಾಕಿ ನಿದ್ದೆ ಮಾಡಲ್ಲ ತಮ್ಮ" ಎಂದರು ಯಾಕೋಬಪ್ಪ. "ಸುಮ್ನೆ ಕೂತು ಅಳ್ತಾಳೆ. ಡಾಕ್ಟ್ರಿಗೆ ತೋರಿಸ್ದೆ. ಮಂಡಿ ಸವೆಯೋಹಂಗೆ ಪ್ರಾರ್ಥನೆ ಮಾಡ್ದೆ. ಯಾರೋ ಇಲ್ಲಿಗೆ ಹೋಗ್ರಿ ಅಂದ್ರು. ಸಭೇಲಿ ತಿಳಿದ್ರೆ ನನ್ನ ಕಥೆ ಮುಗೀತು."

ದೂರದಲ್ಲಿ ಆಕೆ ಮಂಟಪದ ಕಂಬಕ್ಕೆ ಒರಗಿ ಕೂತಿದ್ದಳು. ತೋಟಪ್ಪನಿಗೆ ತನ್ನ ದುಃಖ ಒಂದು ಗಳಿಗೆ ಮರೆಯಿತು. "ನಾನು ಯಾರಿಗೂ ಹೇಳಲ್ಲ, ದೇವರಾಣೆ" ಎಂದ.

ಯಾಕೋಬಪ್ಪ ಅವನ ಒದ್ದೆ ಕೈ ಹಿಡಿದರು. "ನಿಮ್ಮ ಕೆಲಸ ಆತು ಅಂತ ತಿಳ್ಕೊಳ್ರಿ. ಸಂಜೆ ಏನು ಹೇಳ್ಬೇಕಂತಿದ್ರಿ?"

ಮುಳುಗಿದ್ದ ಜೀವ ಮತ್ತೆ ಮೇಲೆದ್ದಿತು. ತೋಟಪ್ಪ ಎಲ್ಲ ಪದಗಳನ್ನೂ ಒಂದೊಂದಾಗಿ ಬಿಡಿಸಿ ಹೇಳಿದ. ಕೊನೆಗೆ ಪಾಗಾ ಎಂದ. "ಎದುರಾಗಿ ಡಿಕ್ಕಿ ಹೊಡೆಯೋದು ಅಂತ ಅದರ ಮೂಲ ಅರ್ಥ. ಇನ್ನೊಬ್ರ ಪರವಾಗಿ ದೇವರಿಗೆ ಅಡ್ಡ ಹೋಗಿ ನಿಂತು, ಇವನನ್ನ ಉಳಿಸಪ್ಪ ಅಂತ ಬೇಡೋದಕ್ಕೂ ಅದೇ ಪದ."

"ಪಾಗಾ" ಎಂದು ಯಾಕೋಬಪ್ಪ ಎರಡು ಸಲ ಹೇಳಿ ನೆನಪಿಟ್ಟುಕೊಂಡರು. ಅವರಿಗೆ ಬಾಡಿಗೆ ಕಾರು ಇತ್ತು. "ಜೊತೇಲಿ ಹೋದ್ರೆ ಜನ ಕೇಳ್ತಾರೆ. ನಾನು ಮೊದಲು ಹೋಗಿ ಸಭೆ ಶುರು ಮಾಡಿರ್ತೀನಿ, ನೀವು ಹಿಂದಿನಿಂದ ಬರ್ರಿ" ಎಂದು ಹೇಳಿ, ಹೊಳೆಯಲ್ಲಿ ಹಣೆ ತೊಳೆದುಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟರು.

ತೋಟಪ್ಪ ಎಷ್ಟು ಅಂಗಲಾಚಿದರೂ ಹೊನ್ನಕ್ಕ ಮಂಗಳಾರತಿ ಮುಗಿಯದೆ ಏಳಲಿಲ್ಲ. ಆಮೇಲೆ ಅವನ ಮುಖದಲ್ಲಿ ಬಂದಿದ್ದ ಕಳೆ ನೋಡಿ ಅವಳಿಗೇ ಸಮಾಧಾನವಾಯಿತು. "ಅವರ ದೇವರಿಗೂ ಒಂದು ಕೈಮುಗಿದು ಬರ್ಲಿ ಬಿಡ್ರಿ ಸಾಬ್ರೆ, ಯಾರನ್ನೂ ಎದುರು ಹಾಕ್ಕೊಬಾರದು" ಎಂದಳು. ವ್ಯಾನು ಸಭೆಯ ಬಾಗಿಲಿಗೇ ಬಂದು ನಿಂತಿತು. ತೋಟಪ್ಪ ಇಳಿದು, ಮುದುರಿದ ಕೋಟು ಎಳೆದುಕೊಂಡು ಓಡಿದ.

ಒಳಗೆ ಯಾಕೋಬಪ್ಪನವರ ದನಿ ಮೊಳಗುತ್ತಿತ್ತು. ಹಾಲಲ್ ಮುಗಿದಿತ್ತು, ಶಾಹಾ ಮುಗಿದಿತ್ತು, ಸೀಯಾಹ್ ಕೂಡ ಮುಗಿದಿತ್ತು. ಜನ ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

"ಕೊನೇ ಪದ ಪಾಗಾ" ಎನ್ನುತ್ತಿದ್ದರು ಅವರು. "ಇನ್ನೊಬ್ಬರ ಪರವಾಗಿ ಅಡ್ಡ ನಿಂತು ಬೇಡುವುದು. ಪ್ರಿಯರೇ, ಇವತ್ತು ನಾವು ಅದನ್ನ ನಮ್ಮ ಉಪದೇಶಿ ತೋಟಪ್ಪನವರಿಗಾಗಿ ಮಾಡಬೇಕು. ಅವರು ಉಕ್ಕಡಗಾತ್ರಿಗೆ ಹೋಗ್ಯಾರೆ ಅಂತ ಸುದ್ದಿ ಬಂತು. ನಾನು ನಂಬಲಿಲ್ಲ. ಕಾರು ಮಾಡ್ಕೊಂಡು, ಮನೆಯಾಕೀನೂ ಕರಕೊಂಡು ಹೋಗಿ ನೋಡ್ದೆ. ಮೆಟ್ಟಿಲ ಮೇಲೆ ವಿಭೂತಿ ಹಚ್ಕೊಂಡು ಕೂತಿದ್ರು. ಕಣ್ಣಾರೆ ಕಂಡೆ."

ಯಾರೋ ಬಾಗಿಲ ಕಡೆ ತಿರುಗಿದರು. ಆಮೇಲೆ ಎಲ್ಲರೂ ತಿರುಗಿದರು. ತೋಟಪ್ಪನ ಕೈ ತಾನಾಗಿ ಹಣೆಗೆ ಹೋಯಿತು. ವಿಭೂತಿ ಒಣಗಿ ಗಟ್ಟಿಯಾಗಿ ಕೂತಿತ್ತು.

ಅವನು ಬಾಯಿ ತೆರೆದ. ಒಂದು ಮಾತು ಸಾಕಿತ್ತು. ಆದರೆ ಮುಂದಿನ ಸಾಲಿನಲ್ಲಿ ಯಾಕೋಬಪ್ಪನ ಹೆಂಡತಿ ಕೂತಿದ್ದಳು. ಎಷ್ಟೋ ದಿನದಿಂದ ನಿದ್ದೆ ಕಾಣದ ಕಣ್ಣು ಅವನ ಮೇಲೆ ನೆಟ್ಟಿತ್ತು. ಎರಡು ಕೈಯನ್ನೂ ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಮುಗಿದಿದ್ದಳು, ದೇವರಿಗಲ್ಲ, ಅವನಿಗೆ. ತೋಟಪ್ಪ ಬಾಯಿ ಮುಚ್ಚಿದ.

ಯಾರೂ ಬೈಯಲಿಲ್ಲ. ಅದೇ ಕಷ್ಟವಾದದ್ದು. ಮುದುಕಿಯರು ಬಂದು ತಲೆ ಸವರಿದರು. ಅವನನ್ನು ನಡುವೆ ಮಂಡಿಯೂರಿಸಿ ಸಭೆಯೆಲ್ಲ ಸುತ್ತ ನಿಂತು ಅವನ ಪರವಾಗಿ ಅತ್ತಿತು. ಎಲ್ಲರಿಗಿಂತ ಜೋರಾಗಿ, ನಿಜವಾದ ಕಣ್ಣೀರು ಸುರಿಸುತ್ತ, ಅತ್ತವರು ಯಾಕೋಬಪ್ಪ. ಆಮೇಲೆ ತೋಟಪ್ಪನಿಗೆ ವಿಶ್ರಾಂತಿ ಬೇಕೆಂದೂ, ಅವನು ಪೂರಾ ಗುಣವಾಗುವವರೆಗೆ ಯಾಕೋಬಪ್ಪನವರ ಅಳಿಯ ಆ ಕೆಲಸ ನೋಡಿಕೊಳ್ಳಲೆಂದೂ ಎಲ್ಲರೂ ಒಪ್ಪಿದರು. ರೂತವ್ವನಿಗೆ ವಿಷಯ ತಿಳಿಸುವ ಹೊಣೆಯನ್ನೂ ಒಬ್ಬರು ಪ್ರೀತಿಯಿಂದ ವಹಿಸಿಕೊಂಡರು.

ದಾವಣಗೆರೆಗೆ ಹಿಂದಿರುಗುವಾಗ ಹೊನ್ನಕ್ಕನಿಗೂ ಬೊಮ್ಮಣ್ಣನಿಗೂ ನಡುವೆ ತೋಟಪ್ಪ ಒಂದೇ ಒಂದು ಮಾತಾಡಲಿಲ್ಲ. ಕೈ ಎತ್ತಲಿಲ್ಲ, ಗೊಣಗಲಿಲ್ಲ, ಹೀಬ್ರೂ ಅಂತೂ ಅವನ ಬಾಯಿಂದ ಬರಲೇ ಇಲ್ಲ. ಹೊನ್ನಕ್ಕ ಅವನ ಮುಖವನ್ನೇ ನೋಡುತ್ತಿದ್ದು, ಮುಂದೆ ಬಾಗಿ ಜಮಾಲ್ ಸಾಬನ ಕಿವಿಯಲ್ಲಿ ಹೇಳಿದಳು:

"ನೋಡ್ದಿರಾ ಸಾಬ್ರೆ, ಬೆಳಿಗ್ಗೆ ಹೆಂಗಿದ್ದ, ಈಗ ಹೆಂಗಾಗ್ಯಾನೆ. ಬರೋ ಅಮಾಸಿಗೂ ವ್ಯಾನು ಖಾಲಿ ಇಟ್ಟಿರ್ರಿ."